ಹುಣಸೆಬೀಜದಷ್ಟು ಹಕ್ಕಳೆ

ನನ್ನ ಎಡ ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ, ಎರಡು ವಾರಗಳಿಂದ ಒಂದು ಹಕ್ಕಳೆ ಕೂತಿದೆ. ಬಣ್ಣ, ಗಾತ್ರ, ಹೊಳಪು ಮೂರರಲ್ಲೂ ಅದು ಹುಣಸೆಬೀಜವೇ. ಅಂಚಿನಲ್ಲಿ ಒಂದಿಷ್ಟು ಎದ್ದಿದೆ. ಉಗುರು ತಾಗಿಸಿ ಕಿತ್ತುಬಿಡು ಎಂದು ಒಳಗಿನಿಂದ ಒಂದು ದನಿ ಹೇಳುತ್ತದೆ, ಬೇಡ ಎಂದು ಇನ್ನೊಂದು ದನಿ ತಡೆಯುತ್ತದೆ, ಈ ಎರಡರ ವಾಗ್ವಾದದಲ್ಲಿ ನನ್ನ ಅರ್ಧ ಬೆಳಗು ಕಳೆದುಹೋಗುತ್ತದೆ. ಹಸ್ತಸಾಮುದ್ರಿಕ ಬಲ್ಲವರು ಆ ಉಬ್ಬನ್ನು ಶುಕ್ರಪರ್ವತ ಎನ್ನುತ್ತಾರಂತೆ. ಪ್ರಣಯ, ಸೌಂದರ್ಯ, ಭೋಗಭಾಗ್ಯಗಳೆಲ್ಲ ಅಲ್ಲೇ ವಾಸವಂತೆ. ಐವತ್ತೆಂಟು ವರ್ಷಗಳಲ್ಲಿ ನನ್ನ ಶುಕ್ರಪರ್ವತದ ಮೇಲೆ ಸಂಭವಿಸಿದ ಗಮನಾರ್ಹ ಘಟನೆಯೆಂದರೆ ಈ ಒಂದು ಭೂಕುಸಿತ ಮಾತ್ರ.

ಗಾಯಗಳ ಲೋಕದಲ್ಲೂ ಮೇಲು ಕೀಳು ಇದೆ ಎಂಬುದನ್ನು ನೀವೂ ಗಮನಿಸಿರಬೇಕು. ಎಲುಬು ಮುರಿದುಕೊಂಡವನದು ರಾಜಯೋಗ. ನೋಡಲು ಬಂದವರೆಲ್ಲ ಬಾಳೆಹಣ್ಣು, ಬಿಸ್ಕತ್ತು ಹಿಡಿದು ಬರುತ್ತಾರೆ, ಅವನು ಮಲಗಿದಲ್ಲಿಂದಲೇ ಪತನದ ಪುರಾಣವನ್ನು ಹತ್ತನೆಯ ಸಲ ಹೇಳುತ್ತಾನೆ, ಹೆಂಡತಿ ಹನ್ನೊಂದನೆಯ ಸಲಕ್ಕೆ ಚಹಾ ಕಾಸುತ್ತಾಳೆ. ಹೊಲಿಗೆ ಬಿದ್ದವನಿಗೂ ಮರ್ಯಾದೆಗೆ ಕೊರತೆಯಿಲ್ಲ. ಎಷ್ಟು ಹೊಲಿಗೆ ಎಂದು ಕೇಳುವವರಿರುತ್ತಾರೆ, ಅವನೂ ಒಂದೆರಡು ಸೇರಿಸಿಯೇ ಹೇಳುತ್ತಾನೆ. ತರಚುಗಾಯದವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಸ್ನಾನದ ಮೊದಲ ತಂಬಿಗೆ ನೀರು ಬಿದ್ದಾಗ ಬಚ್ಚಲಲ್ಲಿ ಕುಣಿಯುವವನು ಅವನೇ. ಇದಕ್ಕೆ ಕಾರಣವಿದೆ, ನಾನು ಗಡಿಯಾಚೆ ತೆಲುಗು ನಾಡಿನ ಮಕ್ತಲದ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತ ಬಂದವನು, ಕಾರಣ ಹೇಳದೆ ಮುಂದಕ್ಕೆ ಹೋದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಚಾಕು ಒಂದೇ ಗೆರೆಯಲ್ಲಿ ಇಳಿದು ತನ್ನ ಕೆಲಸ ಮುಗಿಸುತ್ತದೆ. ತರಚುಗಾಯವಾದರೋ ಅಂಗಳ ಗುಡಿಸಿದ ಹಾಗೆ ಚರ್ಮದ ಮೇಲ್ಪದರವನ್ನಷ್ಟೇ ಗುಡಿಸಿ, ಕೆಳಗಿನ ನರಗಳ ತುದಿಗಳನ್ನೆಲ್ಲ ಗಾಳಿಗೆ ಬಿಚ್ಚಿಡುತ್ತದೆ. ಆಳ ಕಡಿಮೆ, ಅಗಲ ಹೆಚ್ಚು. ಆದ್ದರಿಂದ ಉರಿಯೂ ಹೆಚ್ಚು.

ನಮ್ಮ ಸೀಮೆಯಲ್ಲಿ ಬಿದ್ದವನು ಮೂರು ಭಾಷೆಗಳಲ್ಲಿ ನರಳಬಹುದು. ಕನ್ನಡದಲ್ಲಿ ತರಚಿತು, ತೆಲುಗಿನಲ್ಲಿ ದೋಕ್ಕುಪೋಯಿಂದಿ, ದಖನಿಯಲ್ಲಿ ಛಿಲ್ ಗಯಾ. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಬಿದ್ದವನ ತಪ್ಪು ಅದರಲ್ಲಿ ಕಾಣುವುದಿಲ್ಲ. ಎಲ್ಲ ತಾನಾಗಿಯೇ ಆದದ್ದು. ನಾನೂ ನನ್ನ ಜೀವಮಾನದ ಸಕಲ ಪತನಗಳನ್ನು ಈ ಸೌಲಭ್ಯದಡಿಯಲ್ಲೇ ವರದಿ ಮಾಡುತ್ತ ಬಂದಿದ್ದೇನೆ.

ನಾವು ಮೂಲತಃ ನಾರಾಯಣಪೇಟೆಯ ನೇಕಾರರು. ಅಜ್ಜನ ಕಾಲಕ್ಕೆ ಮನೆಯ ಮಗ್ಗ ನಿಂತು, ಅಪ್ಪ ನೂಲಿಗೆ ಬಣ್ಣ ಹಾಕುವ ಕೆಲಸ ಹಿಡಿದಿದ್ದರು. ಹಿತ್ತಲಲ್ಲಿ ಕುದಿಯುವ ಹಂಡೆಗಳು, ಗಳದ ಮೇಲೆ ತೊಟ್ಟಿಕ್ಕುವ ನೂಲಿನ ಲಡಿಗಳು, ಮೊಣಕೈತನಕ ಬಣ್ಣ ಮೆತ್ತಿದ ಅಪ್ಪ. ನಾನು ಮೊಣಕಾಲು ಕೆತ್ತಿಸಿಕೊಂಡು ಅಳುತ್ತ ಬಂದರೆ ಅವರಿಗೆ ಕೈ ತೊಳೆಯುವಷ್ಟು ಪುರುಸೊತ್ತಿರುತ್ತಿರಲಿಲ್ಲ. ಅಡುಗೆಮನೆಯಿಂದ ಒಂದು ಚಿಟಿಕೆ ಅರಿಸಿನ ತಂದು ಹಾಗೆಯೇ ಒತ್ತುತ್ತಿದ್ದರು. ಹೀಗಾಗಿ ನನ್ನ ಗಾಯಗಳು ಒಂದು ವಾರ ಹಸಿರು, ಒಂದು ವಾರ ಕೆಂಪು, ಒಂದು ವಾರ ಬದನೆಕಾಯಿ ಬಣ್ಣ. ನನ್ನ ಮೊಣಕಾಲು ನೋಡಿಯೇ ಓಣಿಯ ನೇಕಾರರು ಈ ವಾರ ಯಾವ ಬಣ್ಣಕ್ಕೆ ಬೇಡಿಕೆ ಇದೆ ಎಂದು ತಿಳಿದುಕೊಳ್ಳುತ್ತಿದ್ದರೆಂದು ಅವ್ವ ನಗುತ್ತಿದ್ದಳು. ಆಗ ನನಗೆ ಅದೆಂಥ ಹೆಮ್ಮೆ! ಚಡ್ಡಿಯನ್ನು ಮತ್ತೊಂದಿಷ್ಟು ಮೇಲೆ ಸರಿಸಿ, ಕೇಳದವರಿಗೂ ತೋರಿಸಿಕೊಂಡು ಓಡಾಡುತ್ತಿದ್ದೆ.

ತೋರಿಸುವ ಈ ವಯಸ್ಸು ಯಾವಾಗ ಮುಗಿದು ಮುಚ್ಚಿಡುವ ವಯಸ್ಸು ಯಾವಾಗ ಶುರುವಾಗುತ್ತದೆ ಎಂಬುದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ. ಶಾಲೆಯಲ್ಲಿ ಆರನೆಯ ತರಗತಿಯ ಮಕ್ಕಳು ಬಿದ್ದರೆ ರಕ್ತ ಒಸರುವ ಮುನ್ನವೇ ನನ್ನ ಮೇಜಿನ ಮುಂದೆ ಸಾಲುಗಟ್ಟುತ್ತಾರೆ. ಬಿದ್ದವನೊಬ್ಬ, ಸಾಕ್ಷಿಗಳು ಎಂಟು ಜನ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದೇ ಮಕ್ಕಳು ತೋಳು ಕೆಳಗೆ ಎಳೆದುಕೊಂಡು, ಏನಿಲ್ಲ ಸಾರ್ ಎನ್ನುತ್ತಾರೆ. ನಡುವಿನ ಮೂರು ನಾಲ್ಕು ವರ್ಷಗಳಲ್ಲಿ ಅವರಿಗೆ ಪಠ್ಯಪುಸ್ತಕದಲ್ಲಿಲ್ಲದ ಯಾವುದೋ ಪಾಠವಾಗಿರುತ್ತದೆ. ಆ ಪಾಠದಲ್ಲಿ ನಾನು ಎಷ್ಟು ಪಾರಂಗತನೆಂಬುದು ಎರಡು ವಾರದ ಹಿಂದಿನ ಭಾನುವಾರ ತಿಳಿಯಿತು.

ಅಂದು ನಾನು ಗದ್ವಾಲಿಗೆ, ಮಾವನ ಮನೆಗೆ ಹೊರಟಿದ್ದೆ. ಮಾವ ಸಿದ್ದಲಿಂಗಪ್ಪನವರಿಗೆ ಎಪ್ಪತ್ತನಾಲ್ಕು. ಹನ್ನೆರಡನೆಯ ವಯಸ್ಸಿಗೆ ಮಗ್ಗದ ಕುಣಿಗೆ ಕಾಲಿಳಿಸಿದವರು ಇನ್ನೂ ಮೇಲೆ ಬಂದಿಲ್ಲ ಎಂದು ಮನೆಯವರು ತಮಾಷೆ ಮಾಡುತ್ತಾರೆ. ಮಾಘದಲ್ಲಿ ನನ್ನ ಮಗಳು ಶಾರದೆಯ ಮದುವೆ. ಮೊಮ್ಮಗಳ ಧಾರೆಗೆ ಅಜ್ಜನ ಕೈಯ ಸೀರೆಯೇ ಆಗಬೇಕೆಂದು ಹಟ ಹಿಡಿದು ಅವರು ನೇಯುತ್ತಿದ್ದರು. ಒಡಲು ಹಾಲುಬಣ್ಣದ ಹತ್ತಿ, ದಡಿ ಸೆರಗು ಕುಂಕುಮ ಬಣ್ಣದ ರೇಷ್ಮೆ. ಹೆಂಡತಿ ನೀಲಮ್ಮ ಎರಡು ದಿನ ಮೊದಲೇ ತವರಿಗೆ ಹೋಗಿದ್ದಳು. ಬೆಳಿಗ್ಗೆ ಫೋನಿನಲ್ಲಿ, "ಬಸ್ಸಿಗೇ ಬರ್ರಿ, ಗಾಡಿ ತರಬ್ಯಾಡ್ರಿ," ಎಂದು ಎರಡು ಸಲ ಹೇಳಿದಳು. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಬಿದ್ದದ್ದುಂಟೇ ಎಂದು ಕೇಳಿ ನಾನು ಸ್ಕೂಟರನ್ನೇ ಹೊರತೆಗೆದೆ.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ರಸ್ತೆಯ ಅರ್ಧ ಭಾಗ ವಾಹನಗಳದು, ಇನ್ನರ್ಧ ಭತ್ತದ್ದು. ಡಾಂಬರಿನ ಮೇಲೆ ಮೈಲುಗಟ್ಟಲೆ ಭತ್ತ ಹರವಿ ಒಣಗಿಸುತ್ತಾರೆ. ಆ ಬಂಗಾರದ ಹಾಸಿನ ಸೌಂದರ್ಯವನ್ನು ಆಸ್ವಾದಿಸುತ್ತ ಹೊರಟಿದ್ದ ನಾನು, ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಹೋಗಿ, ನೇರವಾಗಿ ಅದರ ಮೇಲೆಯೇ ಚಕ್ರ ಇಳಿಸಿದೆ. ಭತ್ತದ ಮೇಲೆ ಸ್ಕೂಟರು ಎಷ್ಟು ಮೃದುವಾಗಿ ಜಾರುತ್ತದೆಂಬುದು ಅನುಭವಿಸಿಯೇ ತಿಳಿಯಬೇಕಾದ ಸಂಗತಿ. ಕಾಳು ಕಾಯುತ್ತ ಕೂತಿದ್ದ ಮುದುಕಿ ಎದೆ ಬಡಿದುಕೊಂಡು ಓಡಿ ಬಂದಳು. "ಅಯ್ಯೋ, ನಾ ವಡ್ಲು!" ಎಂದು ಅವಳು ತನ್ನ ಭತ್ತಕ್ಕಾಗಿ ಮರುಗಿದಾಗಲೇ ನನ್ನ ಗಾಯದ ನಿಜವಾದ ಅಂತಸ್ತು ನನಗೆ ಮನವರಿಕೆಯಾದದ್ದು. ಚೆಲ್ಲಿದ್ದನ್ನು ಬಳಿದು ಒಟ್ಟುಮಾಡಿದ ಮೇಲೆ ಅವಳಿಗೆ ನನ್ನ ಅಂಗೈ ಕಂಡಿತು. ಬದುವಿನಿಂದ, ಗಾಯಕ್ಕೆ ಮದ್ದೆಂದು ಹಚ್ಚುವ ಗಡ್ಡಿ ಚಾಮಂತಿ ಎಲೆ ಕಿತ್ತು ತಂದು, ಅಂಗೈಯಲ್ಲೇ ಹೊಸಕಿ, ಹಸಿರು ರಸ ಹಿಂಡಿದಳು. ಹೊರಡುವಾಗ, "ಇಂಟಿಕಾಡ ಚೆಪ್ಪು ಸಾರೂ, ದಾಚಿಪೆಟ್ಟಕು," ಎಂದಳು. ಮನೆಯಲ್ಲಿ ಹೇಳು, ಮುಚ್ಚಿಡಬೇಡ ಎಂದರ್ಥ. ಅರ್ಥವೇನೋ ಆಯಿತು.

ಗದ್ವಾಲಿನ ಮೊದಲ ನಲ್ಲಿಯಲ್ಲೇ ಆ ಹಸಿರನ್ನೆಲ್ಲ ತೊಳೆದೆ. ತುಂಬು ತೋಳಿನ ಅಂಗಿಯನ್ನು ಬೆರಳಿನ ಗೆಣ್ಣಿನವರೆಗೆ ಎಳೆದುಕೊಂಡೆ. ಬಾಗಿಲಲ್ಲಿ ಮಾವನಿಗೆ ಕೈಜೋಡಿಸಿ ನಮಸ್ಕರಿಸುವಾಗ ಎರಡು ಅಂಗೈಗಳ ನಡುವೆ ಕೆಂಡ ಹಿಡಿದಂತಾಯಿತು; ನನ್ನ ಮುಖದಲ್ಲಿ ಮೂಡಿದ ಭಾವವನ್ನು ಅವರು ಭಕ್ತಿ ಎಂದು ತಿಳಿದಿರಬೇಕು ಎಂದುಕೊಂಡೆ.

ಇಲ್ಲಿ ಆ ಮನೆಯ ಎರಡು ಪದ್ಧತಿಗಳನ್ನು ನಿಮಗೆ ಹೇಳಬೇಕು. ಮೊದಲನೆಯದು, ಹರಿದ ಚರ್ಮ ಮಗ್ಗ ಮುಟ್ಟಬಾರದು. ಒರಟಾದ ಚರ್ಮಕ್ಕೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ, ಹಸಿಯಾದ ಚರ್ಮ ಬಟ್ಟೆಗೆ ಕಲೆ ಹಚ್ಚುತ್ತದೆ. ಅದಕ್ಕಾಗಿ ಮಗ್ಗದ ಕೋಣೆಯ ಬಾಗಿಲ ಚೌಕಟ್ಟಿಗೆ ಒಂದು ರೇಷ್ಮೆ ಎಳೆ ಕಟ್ಟಿರುತ್ತಾರೆ. ಒಳಗೆ ಹೋಗುವವರೆಲ್ಲ ಅದನ್ನು ಅಂಗೈ ಮೇಲೆ, ಬೆರಳುಗಳ ಮೇಲೆ ಎಳೆದು ನೋಡಬೇಕು. ಸರಾಗವಾಗಿ ಜಾರಿದರೆ ಒಳಗೆ. ತಡೆದರೆ, ಹಕ್ಕಳೆ ಬಿದ್ದು ಹೊಸ ಚರ್ಮ ಬರುವ ತನಕ ಹೊರಗೆ. ಎರಡನೆಯದು, ನೇಯ್ದ ಬಟ್ಟೆಗೆ ರಕ್ತದ ಹನಿ ತಾಗಿದರೆ ನೀರು ಹಾಕುವಂತಿಲ್ಲ, ಗಂಜಿ ಬಿಟ್ಟು ಕಲೆ ಹರಡುತ್ತದೆ. ಒಂದು ಚಿಟಿಕೆ ಹತ್ತಿಯನ್ನು ಬಾಯಲ್ಲಿ ನೆನೆಸಿ ಒತ್ತಿ ಒತ್ತಿ ತೆಗೆಯಬೇಕು. ಆದರೆ ಯಾರ ರಕ್ತವೋ ಅವರದೇ ಉಗುಳಿಗೆ ಮಾತ್ರ ಅದು ಹೋಗುತ್ತದೆ, ಬೇರೆಯವರದಕ್ಕೆ ಜಗ್ಗುವುದಿಲ್ಲ ಎಂದು ಆ ಮನೆಯಲ್ಲಿ ತಲೆತಲಾಂತರದ ನಂಬಿಕೆ. ಹೀಗಾಗಿ ಅಲ್ಲಿ ಕಲೆ ತೆಗೆಯುವುದೆಂದರೆ ಕಲೆ ಮಾಡಿದವರನ್ನು ಹಿಡಿಯುವುದೂ ಹೌದು.

ಈ ಎರಡೂ ಪದ್ಧತಿಗಳಿಂದ ಹೊರಗಿರುವ ಪ್ರಾಣಿ ಒಂದೇ, ಅಳಿಯ. ಅಳಿಯನ ಕೈ ಪರೀಕ್ಷಿಸುವುದೆಂದರೆ ಅವನ ಕುಲಗೋತ್ರವನ್ನೇ ಶಂಕಿಸಿದಂತೆ. ಮೂವತ್ತು ವರ್ಷಗಳಲ್ಲಿ ಆ ಚೌಕಟ್ಟಿನ ಎಳೆಯನ್ನು ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಾವ ಕುಣಿಯಲ್ಲಿ ಕಾಲಿಳಿಸಿ ಕೂತು, ಲಾಳಿ ಬದಿಗಿಟ್ಟು, "ಮುಟ್ಟಿ ನೋಡ್ರಿ ಮಾಸ್ತರ, ನಿಮ್ಮ ಮಗಳ ಸೀರಿ ಐತಿ," ಎಂದರು. ಬಲಗೈಯಲ್ಲಿ ಚಹಾದ ಲೋಟವಿತ್ತು. ವಸ್ತ್ರಮೀಮಾಂಸಕನ ಗಾಂಭೀರ್ಯದಿಂದ ಬಾಗಿ, ಎಡಗೈಯಿಂದ ಹಾಲುಬಣ್ಣದ ಒಡಲನ್ನು ನೇವರಿಸಿ, ದಡಿಯ ಮೇಲೆ ಅಂಗೈ ಸರಿಸಿದೆ. ರೇಷ್ಮೆಯ ಹತ್ತಿರ ಕೈ ಒಂದು ಕ್ಷಣ ತಡವರಿಸಿತು. ಮಾವ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಉಗುರಿನ ತುದಿಯಿಂದ ದಡಿಯ ಎದ್ದ ಎಳೆಯೊಂದನ್ನು ಸವರಿ ಕೂರಿಸಿದರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಊಟದ ಮೇಲೆ ನಾನು ಪಡಸಾಲೆಯ ಮಂಚದಲ್ಲಿ ಕಾಲು ಚಾಚುವ ಹೊತ್ತಿಗೆ ಮಗ್ಗದ ಕೋಣೆಯಿಂದ ಸುವರ್ಣಾಳ ಕೂಗು ಕೇಳಿತು. ಸುವರ್ಣಾ ಎಂದರೆ ನನ್ನ ಹೆಂಡತಿಯ ತಮ್ಮ ವೀರೇಶನ ಹೆಂಡತಿ. ಅವಳ ಕಣ್ಣಿಗೆ ಬೀಳದೆ ಆ ಮನೆಯಲ್ಲಿ ನೇಯ್ಗೆಯ ಒಂದು ಗಂಟೂ ಮುಂದೆ ಹೋಗುವುದಿಲ್ಲ. "ಅಯ್ಯ, ಇಲ್ಲಿ ನೋಡ್ರಿ, ರಕ್ತ ಹತ್ತೇತಿ!"

ನಾವೆಲ್ಲ ಹೋಗಿ ನೋಡಿದೆವು. ಹಾಲುಬಣ್ಣದ ಮೇಲೆ ದಡಿಗೆ ಒಂದು ಗೇಣು ಈಚೆಗೆ ಸಾಸಿವೆಯಷ್ಟು ಒಂದು ಚುಕ್ಕೆ, ಪಕ್ಕದಲ್ಲಿ ಅದರ ತಮ್ಮನಂಥ ಇನ್ನೊಂದು. ಎಲ್ಲರ ಕಣ್ಣು ಒಟ್ಟಿಗೆ ಮಾವನ ಕೈಗಳ ಮೇಲೆ ಹೋಯಿತು. ವಯಸ್ಸಾದ ಚರ್ಮ, ಮಗ್ಗದ ಗೂಟ ಸವರಿದರೂ ಸುಲಿಯುತ್ತದೆ. ವಾರದ ಹಿಂದಷ್ಟೇ ಅವರ ಬಲಗೈ ಗೆಣ್ಣು ತರಚಿ, ಆರು ದಿನ ಹೊರಗೆ ಕೂತು, ಅಂದು ಬೆಳಿಗ್ಗೆ ಎಳೆಯ ಪರೀಕ್ಷೆ ಪಾಸಾಗಿ ಮತ್ತೆ ಕುಣಿಗೆ ಇಳಿದಿದ್ದರಂತೆ.

ವೀರೇಶ ಒಳ್ಳೆಯ ಮಗ. ತಂದೆ ದಣಿಯುವುದನ್ನು ನೋಡಲಾರದೆ ಎರಡು ವರ್ಷದಿಂದ ಬಿಡಿಸಲು ಹೆಣಗುತ್ತಿದ್ದವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಪ್ಪಾ, ಇನ್ನ ಸಾಕ್ರಿ. ಚರ್ಮ ಉಳ್ಳಾಗಡ್ಡಿ ಸಿಪ್ಪಿ ಆಗೇತಿ. ಈ ಸೀರಿ ನಾ ಮುಗಸ್ತೀನಿ. ನೀವು ಮ್ಯಾಲ ಆರಾಮ ಕುಂದರ್ರಿ."

ಮಾವ ಒಂದು ಚಿಟಿಕೆ ಹತ್ತಿ ತೆಗೆದುಕೊಂಡರು. ತುಟಿಗೆ ಒತ್ತಿ, ಚುಕ್ಕೆಯ ಮೇಲೆ ಇಟ್ಟು, ಮೆಲ್ಲಗೆ ಉಜ್ಜಿದರು. ಮತ್ತೊಮ್ಮೆ ತುಟಿಗೆ, ಮತ್ತೊಮ್ಮೆ ಚುಕ್ಕೆಗೆ. ಕಲೆ ಇದ್ದ ಹಾಗೆಯೇ ಇತ್ತು. "ಇದು ನಂದಲ್ಲಪಾ," ಎಂದರು.

"ಒಣಗೇತ್ರಿ, ಅದಕ್ಕ ಹೋಗವಲ್ದು," ಎಂದ ವೀರೇಶ.

ಮಾವ ಕುಣಿಯ ಅಂಚಿನಲ್ಲಿ ತಾವು ಕೂರಲು ಹಾಸಿಕೊಳ್ಳುವ ಟವಲನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಹೆಗಲಿಗೆ ಹಾಕಿಕೊಂಡರು. ಅರವತ್ತೆರಡು ವರ್ಷ ಆ ಜಾಗದಲ್ಲಿ ಬೆಳಿಗ್ಗೆ ಹಾಸಿ ಸಂಜೆ ತೆಗೆದ ಟವಲು ಅಂದು ಮಧ್ಯಾಹ್ನವೇ ಎದ್ದಿತು. ನೀಲಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಪ್ರಿಯ ಓದುಗರೇ, ಆ ಎರಡು ನಿಮಿಷ ನಾನು ಏನು ಮಾಡಿದೆನೆಂದು ಹೇಳಲು ಈಗಲೂ ನಾಚಿಕೆ. ಮುಷ್ಟಿ ಕಟ್ಟಿ ನಿಂತಿದ್ದೆ. ಹೇಳಿದರೆ ಏನಾಗುತ್ತಿತ್ತು? ನೀಲಮ್ಮ ಬಸ್ಸಿನ ಮಾತೆತ್ತುತ್ತಿದ್ದಳು, ಅಷ್ಟೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ ಎಂಬ ನನ್ನ ಬಿರುದೊಂದು ಹೋಗುತ್ತಿತ್ತು, ಅದೂ ಇಡೀ ಜಿಲ್ಲೆಯಲ್ಲಿ ನನ್ನ ಹೊರತು ಯಾರಿಗೂ ಗೊತ್ತಿಲ್ಲದ ಬಿರುದು. ತಕ್ಕಡಿಯ ಒಂದು ಕಡೆ ಇದು, ಇನ್ನೊಂದು ಕಡೆ ಒಬ್ಬ ಮನುಷ್ಯನ ಕುಣಿ, ಲಾಳಿ, ಉಸಿರು. ಮೂಢನಿಗೂ ತಿಳಿಯುವ ಲೆಕ್ಕ ಇದು, ಆದರೂ ಬಾಯಿ ಬಿಡಲು ವಿಜ್ಞಾನ ಶಿಕ್ಷಕನಿಗೆ ಎರಡು ನಿಮಿಷ ಬೇಕಾಯಿತು. ಕಡೆಗೆ ಮಾವ ನನ್ನ ಪಕ್ಕದಿಂದಲೇ ಹಾದು ಬಾಗಿಲು ದಾಟುವಾಗ ಆ ಟವಲಿನ ತುದಿ ನನ್ನ ಮೊಣಕೈಗೆ ತಾಗಿತು. ಆಗ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಅದು ನಂದ್ರಿ," ಎಂದು ಅಂಗೈ ಬಿಚ್ಚಿದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ನೀಲಮ್ಮನ ಅಳು ನಿಂತು ಬೇರೊಂದು ರಾಗ ಶುರುವಾಯಿತು. "ಬಸ್ಸಿಗೆ ಬರ್ರಿ ಅಂತ ಬಡ್ಕೊಂಡೆ, ಕೇಳಿದ್ರೇನು? ಬಿದ್ದಿದ್ದು ಬಿದ್ರಿ, ಬಿದ್ದೆ ಅನ್ನಾಕ ಬಾಯಿ ಇರಲಿಲ್ಲೇನ್ರಿ?"

ಇನ್ನು ಕಲೆ ತೆಗೆಯಬೇಕಾದವನು ನಾನೇ. ಮೂವತ್ತು ವರ್ಷ ಮಕ್ಕಳಿಗೆ ಕಂಡಕಂಡಲ್ಲಿ ಉಗುಳಬೇಡಿ ಎಂದು ಬೋಧಿಸಿದವನು, ಮಾವನ ಮನೆಯವರ ಸಮಕ್ಷಮ, ಮಗಳ ಮದುವೆ ಸೀರೆಯ ಮೇಲೆ ಉಗುಳು ಹಚ್ಚಬೇಕು. ಭಯಕ್ಕೆ ಬಾಯಿ ಒಣಗಿ ಹಲಗೆಯಾಗಿತ್ತು. ಮಾವ ಬಾಗಿಲಲ್ಲೇ ನಿಂತು ಹೇಳಿದರು. "ಹುಣಸಿಕಾಯಿ ನೆನಪು ಮಾಡ್ಕೋರಿ ಮಾಸ್ತರ. ಎಳೇದು, ಉಪ್ಪು ಹಚ್ಚಿದ್ದು." ನಾನು ಪ್ರತಿ ವರ್ಷ ಲಾಲಾಗ್ರಂಥಿಗಳ ಪಾಠದಲ್ಲಿ ಹೇಳುವ ಉದಾಹರಣೆ ಅದೇ, ಆದರೆ ಆ ಪಾಠ ನನ್ನ ಉಪಯೋಗಕ್ಕೆ ಬಂದದ್ದು ಅಂದೇ. ಹತ್ತಿಯನ್ನು ನೆನೆಸಿ ಇಟ್ಟೆ, ಒತ್ತಿದೆ, ತೆಗೆದೆ, ಮತ್ತೆ ಇಟ್ಟೆ. ಏಳೆಂಟು ಸಲದ ಮೇಲೆ ಕೆಂಪು ಕಂದಾಯಿತು, ಕಂದು ಹಳದಿಯಾಯಿತು, ಆಮೇಲೆ ಹಾಲುಬಣ್ಣವೊಂದೇ ಉಳಿಯಿತು. ಸುವರ್ಣಾ ಬೆಳಕಿಗೆ ಬಾಗಿ ನೋಡಿ, ಹೋಯಿತೆಂದು ತಲೆಯಾಡಿಸಿದಳು. ವೀರೇಶ ತಂದೆಯ ಹೆಗಲಿನಿಂದ ಟವಲು ತೆಗೆದು ತಾನೇ ಕುಣಿಯ ಅಂಚಿಗೆ ಹಾಸಿದ. ಮಾವ ಚೌಕಟ್ಟಿನ ಎಳೆಯನ್ನು ಅಂಗೈ ಮೇಲೆ ಎಳೆದುಕೊಂಡು, ಎಲ್ಲರಿಗೂ ಕಾಣುವಂತೆ ಒಂದು ಸಲ ಹೆಚ್ಚಾಗಿಯೇ ಎಳೆದುಕೊಂಡು, ಕುಣಿಗೆ ಇಳಿದರು.

ಸಂಜೆ ಪಡಸಾಲೆಯಲ್ಲಿ ಅವರು ನನ್ನ ಕೈ ಹಿಡಿದು ಗಾಯವನ್ನು ಬಹಳ ಹೊತ್ತು ನೋಡಿದರು. ರಕ್ತ ತಾನಾಗಿಯೇ ಹೇಗೆ ನಿಲ್ಲುತ್ತದೆಂದು ಕೇಳಿದರು. ನಾನು ಉತ್ಸಾಹದಿಂದ ಹೇಳಿದೆ: ಗಾಯವಾದ ಕೂಡಲೇ ರಕ್ತದಲ್ಲೇ ಸಣ್ಣ ಸಣ್ಣ ಎಳೆಗಳು ಹುಟ್ಟುತ್ತವೆ, ಅಡ್ಡಡ್ಡ ಹೆಣೆದುಕೊಂಡು ಬಲೆಯಾಗುತ್ತವೆ, ಆ ಬಲೆಗೆ ರಕ್ತಕಣಗಳು ಸಿಕ್ಕಿ ಒಣಗಿದ್ದೇ ಹಕ್ಕಳೆ. ಮಾವ ತಮ್ಮ ಗೆಣ್ಣಿನ ಹಳೆಯ ಗುರುತನ್ನು ಹೊರಳಿಸಿ ನೋಡಿಕೊಂಡರು. "ಹಂಗಾರ ಒಳಗೂ ಒಂದು ಮಗ್ಗ ಐತಿ ಅನ್ರಿ," ಎಂದು ಮಗುವಿನ ಹಾಗೆ ನಕ್ಕರು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮಕ್ತಲಕ್ಕೆ ಮರಳಿದ ಮೇಲೆ ಒಂದು ಸಂಶಯ ಕೊರೆಯತೊಡಗಿತು. ಅವರವರ ರಕ್ತಕ್ಕೆ ಅವರವರದೇ ಉಗುಳು ಬೇಕೆಂದರೆ ಅದಕ್ಕೆ ಆಧಾರವೇನು? ನನಗೆ ಗೊತ್ತಿರುವ ವಿಜ್ಞಾನದಲ್ಲಿ ಉಗುಳಿಗೆ ಅಷ್ಟು ಸ್ವಾಭಿಮಾನ ಇರಲಾರದು. ಮುಂದಿನ ಶನಿವಾರ ಹಳೆಯ ಬಿಳಿ ಪಂಚೆಯನ್ನು ತುಂಡು ಮಾಡಿ, ಅನ್ನದ ಗಂಜಿ ಹಾಕಿ ಒಣಗಿಸಿ, ಸೂಜಿಯಿಂದ ಬೆರಳು ಚುಚ್ಚಿಕೊಂಡು ತುಂಡಿಗೊಂದು ಹನಿ ಹಚ್ಚಿದೆ. ಅಡುಗೆಮನೆಯಿಂದ ನೋಡುತ್ತಿದ್ದ ನೀಲಮ್ಮ, ಬಿದ್ದಾಗ ತಲೆಗೂ ಪೆಟ್ಟಾಗಿರಬೇಕೆಂದು ಗೊಣಗಿದಳು. ಆದರೆ ನನ್ನ ವಸ್ತ್ರದ ಮೇಲೆ ಉಗುಳಬೇಕೆಂದು ಕೇಳಿಕೊಂಡಾಗ, ಮೂವತ್ತು ವರ್ಷದ ದಾಂಪತ್ಯದಲ್ಲಿ ನನ್ನ ಬೇರಾವ ಬಿನ್ನಹಕ್ಕೂ ತೋರದ ಔದಾರ್ಯದಿಂದ ಒಪ್ಪಿಕೊಂಡಳು.

ನನ್ನ ಉಗುಳಿಗೆ ಕಲೆ ಹೋಯಿತು. ನೀಲಮ್ಮನ ಉಗುಳಿಗೂ ಹೋಯಿತು, ನಿಜ ಹೇಳಬೇಕೆಂದರೆ ತುಸು ಬೇಗನೇ ಹೋಯಿತು. ಅವಳು ತನ್ನ ಬೆರಳಿನ ಹನಿಯೊಂದನ್ನು ಕೊಟ್ಟಳು. ಅದು ನನ್ನ ಉಗುಳಿಗೂ ಹೋಯಿತು. ಊಟ ಮುಗಿಸಿ ಬಂದು ಒಣಗಿದ ಇನ್ನೊಂದು ಕಲೆಯ ಮೇಲೂ ಒತ್ತಿ ನೋಡಿದೆವು. ತಡವಾಯಿತು, ಆದರೆ ಹೋಯಿತು. ನಾಲ್ಕು ಬಿಳಿ ತುಂಡುಗಳನ್ನು ಮುಂದಿಟ್ಟುಕೊಂಡು ಕೂತೆ. ಹಾಗಾದರೆ ಅಂದು ಮಾವನ ಉಗುಳಿಗೆ ನನ್ನ ಕಲೆ ಏಕೆ ಹೋಗಲಿಲ್ಲ?

ಆಗ ಕಣ್ಣ ಮುಂದೆ ಅವರ ಕೈಯಲ್ಲಿದ್ದ ಹತ್ತಿಯ ಚಿಟಿಕೆ ಬಂತು. ನನ್ನ ಬಾಯಿಂದ ಬಂದ ಹತ್ತಿ ಒದ್ದೆಯಾಗಿ ಮುದುಡಿ ಬೆರಳಿಗೆ ಅಂಟಿತ್ತು. ಅವರದು ತುಟಿಗೆ ಎರಡು ಸಲ ಹೋಗಿ ಬಂದಮೇಲೂ ಎಕ್ಕೆಯ ಅರಳೆಯ ಹಾಗೆ ಹಗುರಾಗಿ, ಬೆಳ್ಳಗೆ, ಅರಳಿಕೊಂಡೇ ಇತ್ತು. ಆ ಹತ್ತಿ ಒಣಗಿಯೇ ಇತ್ತು. ನೀಲಮ್ಮನಿಗೆ ಹೇಳಿದೆ. ಅವಳು ನಾಲ್ಕೂ ತುಂಡುಗಳನ್ನು ಮಡಿಚಿ ಎತ್ತಿಟ್ಟಳು.

ನಿನ್ನೆ ಭಾನುವಾರ ಮತ್ತೆ ಗದ್ವಾಲಿಗೆ ಹೋದೆ, ಬಸ್ಸಿನಲ್ಲಿ. ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಚೌಕಟ್ಟಿನ ರೇಷ್ಮೆ ಎಳೆಗೆ ಕೈಚಾಚಿದೆ. ಸುವರ್ಣಾ ಗಾಬರಿಯಾಗಿ, "ಅಣ್ಣಾರ, ನಿಮಗ್ಯಾಕ್ರಿ ಅದು?" ಎಂದಳು. ಎಳೆದು ನೋಡಿಕೊಂಡೆ. ಬೆರಳುಗಳ ಮೇಲೆ ಸರಾಗವಾಗಿ ಹೋದ ಎಳೆ ಹಕ್ಕಳೆಯ ಎದ್ದ ಅಂಚಿಗೆ ಬಂದು ಸಿಕ್ಕಿಕೊಂಡಿತು. ಕುಣಿಯಲ್ಲಿದ್ದ ಮಾವ ಲಾಳಿ ನಿಲ್ಲಿಸದೆ, ತಿರುಗಿಯೂ ನೋಡದೆ, "ಇನ್ನ ಎಂಟು ದಿನ ಬಿಟ್ಟು ಬರ್ರಿ ಮಾಸ್ತರ," ಎಂದರು. ನಾನು ಶಾಲೆಯ ಮಕ್ಕಳ ಹಾಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲಾಚೆಯೇ ಕೂತೆ. ಕಲೆಯಿದ್ದ ಭಾಗ ಸುತ್ತಿಹೋಗಿ, ಸೀರೆ ಸೆರಗಿಗೆ ಬಂದಿತ್ತು.

ಸುವರ್ಣಾ ಒಳಗೆ ಹೋದ ಮೇಲೆ ಕೇಳಿದೆ. "ಮಾಮಾ, ಅವತ್ತು ಹತ್ತಿ ಹಸಿ ಮಾಡಲೇ ಇಲ್ಲಲ್ರಿ ನೀವು?"

ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು, ಈ ಕಡೆಯಿಂದ ಆ ಕಡೆಗೆ ಹೋಯಿತು. ಆಮೇಲೆ ನಿಂತಿತು.

"ನಿಮ್ಮ ಕೈಗೆ ಎಳಿ ಸಿಕ್ಕಾಗನ ಗೊತ್ತಾತ್ರಿ," ಎಂದರು. "ನಾ ತೆಗದಿದ್ರ ಅದು ನಂದಾಗ್ತಿತ್ತು. ಹೆಸರು ಹೇಳಿದ್ರ ಅಳಿಯನ ಮಾನ ಹೋಗ್ತಿತ್ತು. ಅದಕ್ಕ ನಿಮಗ ಬಿಟ್ಟೆ."

"ನಾ ಹೇಳದೇ ಇದ್ದಿದ್ರ?"

ಅವರು ಸೆರಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೂತ ಟವಲನ್ನು ಒಂದಿಷ್ಟು ಸರಿಮಾಡಿಕೊಂಡರು. "ಏನೈತ್ರಿ, ಸೀರಿ ವೀರೇಶ ಮುಗಸ್ತಿದ್ದ. ಅವನ ಕೈನೂ ಚಲೋ ಐತಿ," ಎಂದು ಮತ್ತೆ ಲಾಳಿ ಹೊಡೆದರು. ನನ್ನ ಬೆನ್ನ ಹಿಂದಿನ ಕೈಯಲ್ಲಿ ಹಕ್ಕಳೆ ತುರಿಸುತ್ತಿತ್ತು, ಮುಟ್ಟಿಕೊಳ್ಳಲು ಮನಸ್ಸಾಗಲಿಲ್ಲ.

ಇವತ್ತು ಬೆಳಿಗ್ಗೆ ಶಿಕ್ಷಕರ ಕೋಣೆಯಲ್ಲಿ ತೆಲುಗು ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆಯೆತ್ತಿ, ಕೈಗೇನಾಯಿತೆಂದು ಕೇಳಿದರು. ಎರಡು ವಾರಗಳಲ್ಲಿ ನನ್ನ ಗಾಯವನ್ನು ಕೇಳಿದ ಮೊದಲ ಮನುಷ್ಯ. ಏನಿಲ್ಲ ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ಅಂಗಿಯ ತೋಳು ಮಡಿಸಿ, ಅಂಗೈ ಅವರ ಮುಂದಿಟ್ಟು, ಭತ್ತದಿಂದಲೇ ಶುರು ಮಾಡಿದೆ. ಮುದುಕಿ ಎದೆ ಬಡಿದುಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಎದ್ದುಹೋದರು. ಹುಣಸೆಬೀಜದ ಅಂಚು ಇವತ್ತು ಇನ್ನೊಂದಿಷ್ಟು ಎದ್ದಿದೆ. ಕೀಳುವುದಿಲ್ಲ. ಬೀಳುವ ದಿನ ಅದೇ ಬೀಳಲಿ. ಅಲ್ಲಿಯವರೆಗೆ ಕೇಳಿದವರಿಗೆಲ್ಲ ತೋರಿಸುತ್ತೇನೆ, ಕೇಳದವರಿಗೂ.